ಅಂಗಾತ ಇಟ್ಟ ಟೋಪಿ

ಬಾಗಿಲು ತಳ್ಳಿದ ಮಗಳಿಗೆ ಮೊದಲು ಕಂಡದ್ದು ಅಪ್ಪನ ಪಾದಗಳು. ಟೋಪಿ ಕೋಣೆಯ ನೆಲದ ಮೇಲೆ ಅಪ್ಪ ಬೋರಲು ಬಿದ್ದಿದ್ದರು. ಪಕ್ಕದಲ್ಲಿ ಟೋಪಿಗೆ ಆಕಾರ ಕೊಡುವ ಮರದ ಅಚ್ಚು. ಅದಕ್ಕೆ ರಕ್ತ. ಕಪಾಟುಗಳಲ್ಲಿ ಅಪ್ಪ ಕೂಡಿಟ್ಟ ಎಪ್ಪತ್ತು ಹಳೆಯ ಫೆಲ್ಟ್ ಟೋಪಿಗಳು ಸುಮ್ಮನೆ ಕೂತಿದ್ದವು.

ಇನ್ಸ್‌ಪೆಕ್ಟರ್ ಬಂದವರೇ ಅವಳ ತಮ್ಮನನ್ನು ಜೀಪಿಗೆ ಹತ್ತಿಸಿದರು. ಹಿಂದಿನ ದಿನ ಅಪ್ಪ ಮಗ ಬೀದಿಗೆಲ್ಲ ಕೇಳುವಂತೆ ಜಗಳವಾಡಿದ್ದರು.

*

"ಕೊಂದಿದ್ದು ನನ್ನ ತಮ್ಮ ಅಲ್ಲ ಸಾರ್."

"ಎಲ್ಲಾ ಅಕ್ಕಂದಿರೂ ಹಾಗೇ ಹೇಳೋದಮ್ಮ."

"ಮೇಜಿನ ಮೇಲಿರೋ ಬೂದು ಟೋಪಿ ನೋಡಿ. ನೆತ್ತಿ ತಗ್ಗಾಗಿದೆ, ಒಳಪಟ್ಟಿಗೆ ರಕ್ತ ಆಗಿದೆ. ಏಟು ಬಿದ್ದಾಗ ಅಪ್ಪನ ತಲೆ ಮೇಲೇ ಇತ್ತು. ಆಮೇಲೆ ಉರುಳಿರಬೇಕಲ್ವಾ?"

"ಕೊಂದವನು ಎತ್ತಿಟ್ಟಿದಾನೆ. ಅದಕ್ಕೇನೀಗ?"

"ಅಂಗಾತ ಇಟ್ಟಿದಾನೆ, ನೆತ್ತಿ ಕೆಳಗೆ ಮಾಡಿ. ಬೋರಲು ಇಟ್ರೆ ಅಂಚು ಚಪ್ಪಟೆ ಆಗುತ್ತೆ. ನನ್ನ ತಮ್ಮ ಜನ್ಮದಲ್ಲೇ ಹಾಗೆ ಇಟ್ಟವನಲ್ಲ. ನಿನ್ನೆ ಜಗಳ ಆಗಿದ್ದೂ ಅದಕ್ಕೇ."

ಇನ್ಸ್‌ಪೆಕ್ಟರರ ಕಿವಿ ನೆಟ್ಟಗಾಯಿತು. "ಮತ್ಯಾರು ಹಾಗಿಡ್ತಾರೆ?"

"ಅಪ್ಪ. ನಾನು." ಮೂರನೆಯವರ ಹೆಸರನ್ನು ಅವಳು ದನಿ ತಗ್ಗಿಸಿ ಹೇಳಿದಳು.

*

ಮೂರನೆಯವರು ಸಂಜೆ ಬಂದರು. ಎಲ್ಲರೂ ಕರೆಯುವುದು ಟೋಪಿ ಮೇಷ್ಟ್ರು ಎಂದು. ನಲವತ್ತು ವರ್ಷ ಅಪ್ಪನ ಟೋಪಿಗಳಿಗೆ ಆವಿ ಹಿಡಿದು, ಬ್ರಷ್ ಮಾಡಿ, ರಿಪೇರಿ ಮಾಡಿಕೊಟ್ಟ ಗೆಳೆಯ. ಇವಳನ್ನು ಎತ್ತಿ ಆಡಿಸಿದವರು. ಒಂದು ತಿಂಗಳಿಂದ ಈ ಮನೆಯ ಮೆಟ್ಟಿಲು ಹತ್ತಿಲ್ಲವೆಂದು ಪೊಲೀಸರಿಗೆ ಹೇಳಿದ್ದರು.

ಇನ್ಸ್‌ಪೆಕ್ಟರ್ ಒಳಕೋಣೆಯಲ್ಲೇ ಅವಿತಿದ್ದರು. ಮೇಜಿನ ಮೇಲೆ ಒಂದು ಕಂದು ಟೋಪಿಯನ್ನು ಬೇಕೆಂದೇ ಬೋರಲು ಇಟ್ಟಿದ್ದಳು.

"ಧೈರ್ಯ ತಂದ್ಕೋ ಮಗಳೇ" ಎನ್ನುತ್ತಲೇ ಮೇಷ್ಟ್ರ ಕೈಗಳು ತಾವಾಗಿ ಚಾಚಿದವು. ಅಂಚು ಹಿಡಿದು ಟೋಪಿಯನ್ನು ಮೆಲ್ಲಗೆ ಅಂಗಾತ ಇಟ್ಟವು.

"ಅಪ್ಪನ ಬೂದು ಟೋಪಿನೂ ಹೀಗೇ ಇಟ್ರಾ ಮಾಮ?" ಅವಳು ಕೇಳಿದಳು.

"ನೆಲದ ಮೇಲೆ ಬಿದ್ದಿದ್ದನ್ನ ಹಾಗೇ ಬಿಟ್ಟು ಹೋಗೋಕೆ ಮನಸ್ಸು..."

ಮಾತು ಅಲ್ಲಿಗೇ ನಿಂತಿತು. ಟೋಪಿ ನೆಲಕ್ಕೆ ಬಿದ್ದಿತ್ತೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮೇಷ್ಟ್ರು ಎದ್ದು ಬೀದಿ ಬಾಗಿಲಿನ ಚಿಲಕ ಹಾಕಿದರು. ಕಪಾಟಿನಿಂದ ಇನ್ನೊಂದು ಮರದ ಅಚ್ಚು ತೆಗೆದರು.

"ಸುಮ್ನೆ ಇದ್ದಿದ್ರೆ ಆಗ್ತಿತ್ತು ಕಣಮ್ಮ."

ಅವಳು ಮೇಜಿನ ಹಿಂದಕ್ಕೆ ಸರಿದಳು. ಅಚ್ಚು ಮೇಲೆದ್ದಿತು. ಅಷ್ಟರಲ್ಲಿ ಒಳಬಾಗಿಲು ಧಡಾರನೆ ತೆರೆಯಿತು.

*

ಸ್ಟೇಷನ್ನಿನಲ್ಲಿ ಎಲ್ಲ ಹೊರಬಿತ್ತು. ಮೇಷ್ಟ್ರ ಹತ್ತಿರ ರಿಪೇರಿಗೆ ಹೋದ ಅಪರೂಪದ ಬೀವರ್ ಪ್ರಾಣಿಯ ತುಪ್ಪಳದ ಟೋಪಿಗಳ ಬದಲು ಅಗ್ಗದ ಉಣ್ಣೆಯವು ವಾಪಸು ಬರುತ್ತಿದ್ದವು. ಗೆಳೆಯನಿಗೇ ಟೋಪಿ ಹಾಕಿದ್ದ ಮಹಾನುಭಾವ. ಅಪ್ಪನ ಬೆರಳುಗಳಿಗೆ ಅದು ಕೊನೆಗೂ ಗೊತ್ತಾಗಿತ್ತು. ಕರೆಸಿ ಕೇಳಿದ್ದರು. ಉತ್ತರವಾಗಿ ಏಟು ಬಿದ್ದಿತ್ತು. ಗೆಳೆಯನ ತಲೆ ಒಡೆದವನಿಗೆ ಟೋಪಿಯ ಅಂಚು ಕೆಡುವುದನ್ನು ಮಾತ್ರ ನೋಡಲಾಗಲಿಲ್ಲ.

ಮರುದಿನ ತಮ್ಮ ಮನೆಗೆ ಬಂದ. ಅಪ್ಪನ ಕಂದು ಟೋಪಿಯನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಮಾಮೂಲಿನಂತೆ ಬೋರಲು ಇಟ್ಟ. ಸರಿಮಾಡಲು ಹೋದ ಅಕ್ಕನ ಕೈ ಅರ್ಧಕ್ಕೇ ನಿಂತಿತು.

"ಮತ್ತೆ ತಪ್ಪಾಗಿ ಇಟ್ನಾ ಅಕ್ಕ?"

"ಇಲ್ಲ ಕಣೋ. ಹಾಗೇ ಇರಲಿ."