ಡೆಕ್ಕಿನ ಕೆಳಗಿನ ಗುಲಾಬಿ ಹುಡುಗಿ

ಆ ಮನುಷ್ಯ ಮೊದಲ ದಿನವೇ ಅವಳ ಕಿವಿಯ ಜೊತೆ ಮಾತಾಡಿದ.

ಮುಖ ನೋಡಿ ಮಾತಾಡುವವರನ್ನು ಅವಳು ಕಂಡಿದ್ದಳು. ನೆಲ ನೋಡಿ ಮಾತಾಡುವವರನ್ನೂ ಕಂಡಿದ್ದಳು. ಹಲ್ಲಿಲ್ಲದವರು ಸಾಮಾನ್ಯವಾಗಿ ಹಾಗೇ. ನೋಡಬಾರದ ಕಡೆ ನೋಡುವವರಿಗೆ ಏನು ಮಾಡಬೇಕೆಂಬುದೂ ಚೆನ್ನಾಗಿ ಗೊತ್ತಿತ್ತು. ಆದರೆ ಲ್ಯಾಬಿನ ಕೌಂಟರಿನ ಆಚೆ ನಿಂತು, ‘ಅಕ್ಕನ ಹಲ್ಲಿನ ಸೆಟ್ಟು ರೆಡಿ ಆಯ್ತಾ’ ಎಂದು ಅವಳ ಎಡಗಿವಿಯನ್ನು ಅಷ್ಟೊಂದು ಮರ್ಯಾದೆಯಿಂದ ಕೇಳಿದವನು ಇವನೊಬ್ಬನೇ. ಅವಳು ಮೆಲ್ಲಗೆ ಕಿವಿ ಮುಟ್ಟಿ ನೋಡಿಕೊಂಡಳು. ಓಲೆ ಇದ್ದಲ್ಲೇ ಇತ್ತು.

“ರೆಡಿ ಇದೆ. ಕೂತ್ಕೊಳ್ಳಿ, ಒಂದು ಕೊಕ್ಕೆ ಬಿಗಿ ಮಾಡಿ ಕೊಡ್ತೀನಿ.”

ಹಲ್ಲು ಕಟ್ಟುವುದು ಅವಳ ಕೆಲಸ. ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ, ಇವಳು ಆ ಅಚ್ಚಿಗೆ ತಕ್ಕಂತೆ ವಸಡು ಮಾಡಿ, ಹಲ್ಲು ಕೂರಿಸಿ, ತಂತಿಯ ಕೊಕ್ಕೆ ಹಾಕುತ್ತಾಳೆ. ಊರಿನ ಅರ್ಧದಷ್ಟು ಮುದುಕರ ನಗು ಅವಳ ಕೈಯದು. ಅವಳ ಸ್ವಂತ ನಗು ಎಲ್ಲಿಟ್ಟಿದ್ದಳೋ ಅವಳಿಗೇ ನೆನಪಿರಲಿಲ್ಲ. ಮೂವತ್ತು ದಾಟಿ ನಾಲ್ಕಾರು ವರ್ಷವಾಗಿತ್ತು. ನೆಂಟರು ಮದುವೆಯಾಗು ಎಂದು ಹೇಳಿ ಹೇಳಿ ಸುಸ್ತಾಗಿ, ಈಗ ಹೇಳುವುದನ್ನೂ ಬಿಟ್ಟಿದ್ದರು.

ಅವನು ಕೂರಲಿಲ್ಲ. ತಲೆ ಸ್ವಲ್ಪ ಓರೆ ಮಾಡಿ, ಇಕ್ಕಳದ ತುದಿಯಲ್ಲಿ ತಂತಿ ತಿರುಗುವುದನ್ನು ನೋಡಿದ.

“ಎಷ್ಟು ಸಣ್ಣ ತಂತಿ ಅದು?”

“ಸೂಜಿಯಷ್ಟು.”

“ಇನ್ನೂ ಸಣ್ಣದು ಬಗ್ಗಿಸ್ತೀರಾ?”

“ಯಾಕೆ, ನಿಮ್ಮ ಅಕ್ಕನ ಬಾಯಿ ಅಷ್ಟು ಚಿಕ್ಕದಾ?”

“ಅವಳ ಬಾಯಾ? ದೇವರೇ!” ಅವನು ನಕ್ಕ. “ನಾನೊಂದು ಹಡಗು ಕಟ್ತಾ ಇದೀನಿ. ನಿಮ್ಮ ಕೈ ಬೇಕಿತ್ತು.”

“ನಾನು ಹಲ್ಲು ಕಟ್ಟೋಳು ಸ್ವಾಮಿ. ಹಡಗಿಗೆ ಹಲ್ಲಿರತ್ತಾ?”

“ರೇಲಿಂಗ್ ಇರತ್ತೆ. ಅದೂ ಸಾಲಾಗಿ ನಿಂತಿರತ್ತೆ. ಒಂದು ಸೊಟ್ಟಗಾದ್ರೂ ನಕ್ಕಾಗ ಗೊತ್ತಾಗತ್ತೆ.”

“ಹಡಗು ನಗತ್ತಾ?”

“ಇನ್ನೂ ನಕ್ಕಿಲ್ಲ,” ಎಂದ ಅವನು, ಅವಳ ಕಿವಿಗೆ.

ಹುಚ್ಚನಿರಬೇಕು ಎಂದುಕೊಂಡಳು. ಭಾನುವಾರ ಅವನ ಮನೆಗೆ ಹೋದಳು.

*

ಹಡಗು ಮುಂದಿನ ಕೋಣೆಯ ಮೇಜನ್ನು ಪೂರ್ತಿ ನುಂಗಿಕೊಂಡು ಕೂತಿತ್ತು. ವಿಮಾನ ಹೊರುವ ಯುದ್ಧನೌಕೆಯ ಮಾದರಿ. ಒಂದು ಮಗುವನ್ನು ಆರಾಮಾಗಿ ಮಲಗಿಸುವಷ್ಟು ಉದ್ದ. ಬಿಡಿಭಾಗಗಳ ಡಬ್ಬವನ್ನು ಮೊದಲ ಸಂಬಳದಲ್ಲಿ ಕೊಂಡು, ಸಮಯ ಸಿಕ್ಕಾಗ ಕಟ್ಟೋಣವೆಂದು ಮಂಚದ ಕೆಳಗೆ ತಳ್ಳಿದ್ದನಂತೆ. ಅವನು ನಕ್ಷೆ ಬರೆಯುವ ಕಚೇರಿಯಲ್ಲಿದ್ದವನು. ಈಗ ಕೆಲಸ ಬಿಟ್ಟಿದ್ದ. ಯಾಕೆ ಬಿಟ್ಟಿರಿ ಎಂದರೆ “ಗೆರೆ ಎಳೆದು ಎಳೆದು ಬೇಜಾರಾಯ್ತು” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ.

ಪ್ಲಾಸ್ಟಿಕ್ಕಿನ ದೊಡ್ಡ ಭಾಗಗಳನ್ನೆಲ್ಲ ಅವನೇ ಅಂಟಿಸಿ ಮುಗಿಸಿದ್ದ. ಉಳಿದದ್ದು ಹಿತ್ತಾಳೆಯ ಕೆಲಸ. ಎಲೆಗಿಂತ ತೆಳುವಾದ ಹಿತ್ತಾಳೆ ಹಾಳೆಗಳ ಮೇಲೆ ರೇಲಿಂಗು, ಏಣಿ, ಬಲೆ, ರೇಡಾರು ಎಲ್ಲವನ್ನೂ ಕೊರೆದಿಟ್ಟಿದ್ದರು. ಬ್ಲೇಡಿನಿಂದ ಒಂದೊಂದೇ ಬಿಡಿಸಬೇಕು, ಇಕ್ಕಳದಲ್ಲಿ ಮಡಿಸಬೇಕು, ಸೂಜಿತುದಿಯಷ್ಟು ಅಂಟು ತಾಗಿಸಿ ಕೂರಿಸಬೇಕು. ಏದುಸಿರು ಬಿಟ್ಟರೆ ಏಣಿ ಹಾರಿಹೋಗುತ್ತದೆ.

“ಇದನ್ನ ನೀವೇ ಯಾಕೆ ಮಾಡಬಾರದು?” ಎಂದು ಕೇಳಿದಳು.

“ನಿಮ್ಮ ಕೈ ಇದೆಯಲ್ಲ.”

ಕೇಳಿ ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೆ ಭಾನುವಾರಗಳು ಒಂದರ ಹಿಂದೊಂದು ಬಂದು ಹೋದ ಹಾಗೆ ಆ ಮಾತೇ ಮುಳ್ಳಿನ ಹಾಗೆ ಚುಚ್ಚತೊಡಗಿತು. ಅವನು ಅವಳ ಕೈಯನ್ನು ಹೊಗಳುತ್ತಿದ್ದ, ಓಲೆಯನ್ನು ನೋಡುತ್ತಿದ್ದ, ನಡುವೆ ಇದ್ದ ಹೆಂಗಸು ಅವನಿಗೆ ಬೇಕೇ ಇರಲಿಲ್ಲವೇನೋ! ಒಂದು ವಾರ ಬೇಕೆಂದೇ ಓಲೆ ತೆಗೆದಿಟ್ಟು ಬಂದಳು. ಅವನು ಬರಿಗಿವಿಯನ್ನೂ ಅಷ್ಟೇ ಅಕ್ಕರೆಯಿಂದ ನೋಡಿದ. ಅವಳು ತಲೆ ಬಗ್ಗಿಸಿ ಕೆಲಸ ಮಾಡುತ್ತ, ನಡುವೆ ಮುಖ ಎತ್ತಿದರೆ ಆ ದೃಷ್ಟಿ ಅಲ್ಲೇ ಇರುತ್ತಿತ್ತು, ಕಿವಿಯಿಂದ ಅರ್ಧ ಗೇಣು ಆಚೆ, ಏನೋ ಓದುವವನ ಹಾಗೆ ನಿಧಾನವಾಗಿ ಸರಿಯುತ್ತ. ಅವಳ ಕೆನ್ನೆ ಬಿಸಿಯಾಗುತ್ತಿತ್ತು. ಗೋಡೆ ನೋಡುವವನಿಗೆ ನನ್ನ ಕೆನ್ನೆ ಯಾಕೆ ಬಿಸಿಯಾಗಬೇಕು ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

“ಮುಖ ಕೊಟ್ಟು ಮಾತಾಡೋಕೆ ಬರಲ್ವಾ ನಿಮಗೆ?” ಎಂದು ಒಮ್ಮೆ ತಮಾಷೆಗೆ ಕೇಳಿಯೇಬಿಟ್ಟಳು.

“ಸಂಕೋಚ,” ಎಂದ.

“ಯಾರಿಗೆ, ನಿಮಗಾ? ಮೊದಲ ಭೇಟಿಯಲ್ಲೇ ಕೈ ಕೇಳಿದವರಿಗಾ?”

ಒಳಗೆ ಅಕ್ಕ ಫಕ್ಕನೆ ನಕ್ಕಿದ್ದು ಕೇಳಿಸಿತು. ಅವನು ಕೆಂಪಾದ. ಅಂದು ಸಂಜೆ ಅವಳು ಮನೆಯ ದಾರಿಯುದ್ದಕ್ಕೂ ಆ ಕೆಂಪನ್ನು ನೆನೆದುಕೊಂಡು ನಡೆದಳು.

ಮರುವಾರ ಹೋದಾಗ ಹಡಗಿನ ಹಿಂಬದಿಯಲ್ಲಿ ಒಂದು ಸಾಲು ರೇಲಿಂಗ್ ಅಂಟಿತ್ತು. ತಾನೇ ಕೂರಿಸಿದ್ದನಂತೆ. ಅಷ್ಟೂ ತಲೆಕೆಳಗು, ಕಾಲು ಮೇಲೆ.

“ಅಯ್ಯೋ ರಾಮ! ಇದೇನು, ಹಡಗು ಶೀರ್ಷಾಸನ ಹಾಕತ್ತಾ?” ಅವಳು ಬಿದ್ದು ಬಿದ್ದು ನಕ್ಕಳು.

ಅವನು ನಗಲಿಲ್ಲ. ಬೆರಳ ತುದಿಯಿಂದ ಆ ಸಾಲನ್ನು ಮೆಲ್ಲಗೆ ಸವರಿದ. ಸವರಿ, ಕೈ ಹಿಂದಕ್ಕೆ ತೆಗೆದುಕೊಂಡ. “ಆತುರ ಮಾಡಿದೆ. ನೀವು ಬಂದ ಮೇಲೆ ಮಾಡಬೇಕಿತ್ತು,” ಎಂದ. ಅಕ್ಕ ಬಾಗಿಲಲ್ಲಿ ನಿಂತವಳು ಏನೋ ಹೇಳಲು ಬಾಯಿ ತೆರೆದು, ಹೊಸ ಹಲ್ಲನ್ನು ಕಟಕ್ಕನೆ ಮುಚ್ಚಿಕೊಂಡು ಒಳಗೆ ಹೋದಳು. ಕೋಣೆಯ ಬೆಳಕು ಇದ್ದಕ್ಕಿದ್ದಂತೆ ಮಂಕಾದ ಹಾಗಾಯಿತು. ಅವಳು ಒಂದೊಂದೇ ತುಂಡನ್ನು ಬಿಡಿಸಿ ತಿರುಗಿಸಿ ಅಂಟಿಸಿದಳು.

*

ಹಡಗಿನ ಹೊಟ್ಟೆಯಲ್ಲಿ ವಿಮಾನಗಳನ್ನು ನಿಲ್ಲಿಸುವ ದೊಡ್ಡ ಹಜಾರವಿತ್ತು. ಅದರ ಗೋಡೆಗೆ ಪೈಪು, ದೀಪ, ಏಣಿ, ನೆಲದ ಮೇಲೆ ಅಕ್ಕಿಕಾಳಿನಷ್ಟು ನಾವಿಕರು. ಇಷ್ಟನ್ನೂ ಮಾಡಿ ಮುಗಿಸಿ, ಮೇಲೆ ಚಾವಣಿಯ ಹಾಗೆ ಡೆಕ್ಕು ಮುಚ್ಚಿ ಅಂಟಿಸಿದರೆ ಒಳಗಿನದು ಮತ್ತೆ ಕಾಣುವುದಿಲ್ಲ.

“ಕಾಣದೆ ಇರೋದಕ್ಕೆ ಇಷ್ಟು ಯಾಕೆ ಕಷ್ಟಪಡಬೇಕು?” ಎಂದಳು.

“ಕಾಣಲ್ಲ, ನಿಜ. ಆದ್ರೆ ಇರತ್ತಲ್ಲ.”

ಆ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ಲ್ಯಾಬಿನಲ್ಲಿ ಬಿಡುವಾದಾಗ ಒಬ್ಬ ನಾವಿಕನನ್ನು ತಂದು, ಮೇಣ ಮೆತ್ತಿ ಲಂಗ ಮಾಡಿ, ಜಡೆ ಇಳಿಬಿಟ್ಟು, ವಸಡು ಮಾಡುವ ಗುಲಾಬಿ ಬಣ್ಣ ಬಳಿದಳು. ಬೂದುಬಣ್ಣದ ಅಷ್ಟು ಗಂಡಸರ ನಡುವೆ ಒಂದೇ ಒಂದು ಗುಲಾಬಿ ಹುಡುಗಿ. ಯಾರಿಗೆ ಕಾಣದಿದ್ದರೂ ಅವನಿಗೆ ಕಾಣದೆ ಇರಲು ಸಾಧ್ಯವೇ ಇರಲಿಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಹೀಗಾದರೂ ಹೇಳೋಣವೆಂದು ಎದೆ ಗಟ್ಟಿ ಮಾಡಿಕೊಂಡು ಹಜಾರದ ನಟ್ಟನಡುವೆ ನಿಲ್ಲಿಸಿದಳು.

“ಡೆಕ್ಕು ಮುಚ್ಚೋ ಮುಂಚೆ ಒಂದ್ಸಲ ಒಳಗೆಲ್ಲ ನೋಡಿಬಿಡಿ,” ಎಂದಳು.

ಅವನು ಬಗ್ಗಿದ. ತುಂಬ ಹೊತ್ತು ಬಗ್ಗಿಯೇ ಇದ್ದ.

“ಚೆನ್ನಾಗಿದೆ,” ಎಂದ. “ಮುಚ್ಚಿಬಿಡೋಣ.”

ಅಷ್ಟೇ. ಅವಳೇ ಅಂಚಿಗೆ ಅಂಟು ಹಚ್ಚಿದಳು, ಅವನು ಡೆಕ್ಕನ್ನು ಒತ್ತಿ ಹಿಡಿದ. ಗುಲಾಬಿ ಹುಡುಗಿಯ ಮೇಲೆ ಕತ್ತಲು ಬಿತ್ತು. ಬೇಡವೆನ್ನಲು ಇದಕ್ಕಿಂತ ಮರ್ಯಾದೆಯ ದಾರಿ ಇಲ್ಲ ಎಂದುಕೊಂಡಳು ಅವಳು. ಕೂಗಾಡಲಿಲ್ಲ, ನಗಲಿಲ್ಲ, ನೋಡಿಯೂ ನೋಡದ ಹಾಗೆ ಮುಚ್ಚಿಬಿಟ್ಟ. ಕೈ ತೊಳೆಯುವ ನೆಪದಲ್ಲಿ ಒಳಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು.

ಹೊರಗೆ ಬಂದಾಗ ಅವನು ಎದ್ದು ನಿಂತಿದ್ದ. ಮೊಟ್ಟಮೊದಲ ಬಾರಿಗೆ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ನೇರವಾಗಿ, ಅಲುಗದೆ. ಇಷ್ಟು ವಾರ ಕಾದಿದ್ದ ನೋಟ!

“ಇನ್ನು ಬರೋದು ಬೇಡ,” ಎಂದ. “ಕೆಲಸ ಮುಗಿದ ಹಾಗೇ. ಉಳಿದಿದ್ದು ನಾನು ಮಾಡ್ಕೋತೀನಿ. ತುಂಬ ಉಪಕಾರ ಆಯ್ತು.”

“ರೇಡಾರ್ ಇನ್ನೂ ಮಡಿಸಿಲ್ಲ.”

“ಮಾಡ್ಕೋತೀನಿ.”

ಕಣ್ಣು ಮಿಟುಕಿಸದೆ ಹೇಳಿದ. ಇಂಥ ಗಟ್ಟಿಗನಿಗೆ ಸಂಕೋಚವಂತೆ! ಅವಳು ತನ್ನ ಇಕ್ಕಳ ಎತ್ತಿಕೊಂಡು ಮೆಟ್ಟಿಲಿಳಿದಳು. ಆಕಾಶ ಹಡಗಿನ ಬಣ್ಣದ್ದೇ ಆಗಿತ್ತು. ಊರೆಲ್ಲ ಅದೇ ಬೂದು.

*

ಅಕ್ಕ ಲ್ಯಾಬಿಗೆ ಬಂದಾಗ ಹೊರಗೆ ಚಳಿ ಮುಗಿಯುತ್ತ ಬಂದಿತ್ತು. ಕೆಳಗಿನ ಸೆಟ್ಟು ಒತ್ತುತ್ತಿದೆ ಎಂದು ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದಳು. ಇವಳು ಮುಖವೆತ್ತದೆ ಅರ ತೆಗೆದುಕೊಂಡು ಉಜ್ಜತೊಡಗಿದಳು.

“ಸೊರಗಿದೀಯಲ್ಲೇ ಹುಡುಗಿ.”

“ಕೆಲಸ ಜಾಸ್ತಿ ಅಕ್ಕ.”

“ಅವನೂ ಹಾಗೇ ಅಂತಾನೆ, ಊಟ ಬಿಟ್ಟಿದ್ದಕ್ಕೆ. ಕೆಲಸ ಜಾಸ್ತಿಯಂತೆ! ಬೆಳಗಿಂದ ಸಂಜೆವರೆಗೆ ಆ ಹಡಗಿನ ಮುಂದೆ ಕಲ್ಲಿನ ಹಾಗೆ ಕೂತಿರೋದೇ ಕೆಲಸ.”

“ರೇಡಾರ್ ಕೂರಿಸಿದ್ರಾ?”

ಅಕ್ಕ ಕುರ್ಚಿ ಎಳೆದುಕೊಂಡಳು. “ನೋಡು, ಯಾರಿಗೂ ಹೇಳಬೇಡ ಅಂತ ನನ್ನ ಹತ್ರ ಆಣೆ ಹಾಕಿಸಿಕೊಂಡಿದಾನೆ. ಬಾಯಲ್ಲಿ ಬಿಸಿತುಪ್ಪ ಇಟ್ಕೊಂಡ ಹಾಗಾಗಿದೆ ನನಗೆ. ಆದ್ರೆ ಈಗ ನನ್ನ ಹಲ್ಲು ನಿನ್ನ ಕೈಲಿದೆ. ಹಲ್ಲಿಲ್ಲದ ಬಾಯಲ್ಲಿ ಆಡಿದ ಮಾತು ಲೆಕ್ಕಕ್ಕಿಲ್ಲ, ತಿಳೀತಾ? ಅವನಿಗೆ ಕಣ್ಣು ಹೋಗ್ತಾ ಇದೆ ಕಣಮ್ಮ.”

ಅರ ನಿಂತಿತು.

“ನಡುಭಾಗ ಹೋಗಿದೆ. ಸುತ್ತ ಅಷ್ಟಿಷ್ಟು ಉಳಿದಿದೆ. ಏನನ್ನ ನೇರ ನೋಡ್ತಾನೋ ಅಲ್ಲೇ ಒಂದು ಮಸಿ. ಎದುರಿಗಿರೋರ ಮುಖ ಕಾಣಬೇಕಾದ್ರೆ ಪಕ್ಕಕ್ಕೆ ನೋಡಬೇಕು. ಅದಕ್ಕೇ ಕಚೇರಿ ಬಿಟ್ಟಿದ್ದು. ಔಷಧಿ ಇಲ್ಲ ಅಂದ್ಬಿಟ್ರು ಡಾಕ್ಟರು. ಮಸಿ ದೊಡ್ಡದಾಗ್ತಾ ಹೋಗತ್ತಂತೆ. ಪೂರ್ತಿ ಹೋಗೋದ್ರೊಳಗೆ ಹಡಗು ಮುಗಿಸಬೇಕು ಅಂತ ಒದ್ದಾಡ್ತಿದ್ದ.”

ಅವಳಿಗೆ ತಲೆಕೆಳಗಾದ ರೇಲಿಂಗಿನ ಸಾಲು ಕಣ್ಣಿಗೆ ಕಟ್ಟಿತು. ತಾನು ಬಿದ್ದು ಬಿದ್ದು ನಕ್ಕದ್ದು ಕೂಡ.

“ಮತ್ತೆ... ನನಗೆ ಬರಬೇಡ ಅಂದಿದ್ದು?”

“ನಾನೂ ಕೇಳಿದೆ, ಬೈದೆ. ಏನಂದ ಗೊತ್ತಾ? ‘ಅವಳ ಕೈ ಇರೋದು ನನ್ನ ಕೈ ಹಿಡ್ಕೊಂಡು ರಸ್ತೆ ದಾಟಿಸೋಕಲ್ಲ ಅಕ್ಕ’ ಅಂದ. ದಡ್ಡ ಮುಂಡೇದು.” ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡು ಕೈಚಾಚಿದಳು. “ಕೊಡು ಹಲ್ಲು. ನಾನೇನೂ ಹೇಳಿಲ್ಲ.”

*

ಅವನು ಹಡಗಿನ ಮುಂದೆ ಕೂತಿದ್ದ. ಅವಳ ಹೆಜ್ಜೆಯ ಸದ್ದಿಗೇ ಗುರುತು ಹಿಡಿದನೆಂದು ಅವನ ಬೆನ್ನು ಸೆಟೆದ ರೀತಿಯಲ್ಲೇ ತಿಳಿಯಿತು. ಮೇಜಿನ ಮೇಲೆ ರೇಡಾರಿನ ಹಿತ್ತಾಳೆ ನಜ್ಜುಗುಜ್ಜಾಗಿ ಬಿದ್ದಿತ್ತು.

“ಬರಬೇಡಿ ಅಂದಿದ್ದೆನಲ್ಲ.”

“ಇನ್ನೊಂದ್ಸಲ ಹೇಳಿ, ಹೋಗ್ತೀನಿ.”

ಅವನು ತಿರುಗಿದ. ಅಂದಿನ ಹಾಗೇ ಕಣ್ಣಲ್ಲಿ ಕಣ್ಣಿಟ್ಟ. “ಬರಬೇಡಿ.”

“ಹೀಗಲ್ಲ,” ಎಂದಳು ಅವಳು. “ನನ್ನ ಕಿವಿ ನೋಡಿ ಹೇಳಿ.”

ಅವನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಒಳಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಥಟ್ಟನೆ ನಿಂತಿತು.

“ಅವತ್ತು ನನ್ನನ್ನ ನೇರ ನೋಡಿದ್ರಲ್ಲ, ಆಗ ನಾನು ನಿಮಗೆ ಕಾಣಿಸ್ತಾನೇ ಇರಲಿಲ್ಲ, ಅಲ್ವಾ?”

“ಇಲ್ಲ,” ಎಂದ ಅವನು. “ಕಾಣಿಸಿದ್ರೆ ಹೇಳೋಕಾಗ್ತಿರಲಿಲ್ಲ.”

“ಈಗ ಹೇಳಿ. ನಾನು ಕಾಣೋ ಹಾಗೆ ನೋಡ್ಕೊಂಡು ಹೇಳಿ.”

ಅವನ ದೃಷ್ಟಿ ಮೆಲ್ಲಗೆ ಜಾರಿತು. ಕೆನ್ನೆ ದಾಟಿ, ಓಲೆಯ ಹತ್ತಿರ ಬಂದು ನಿಂತಿತು. ಇಷ್ಟು ಭಾನುವಾರ ಗೋಡೆಗೆ ಸಂದಿತೆಂದು ಅವಳು ಲೆಕ್ಕ ಹಾಕಿದ್ದ ಆ ನೋಟವೆಲ್ಲ ತನ್ನದೇ ಆಗಿತ್ತು. ಹಣೆ, ಮೂಗು, ಅತ್ತು ಕೆಂಪಾದ ಕಣ್ಣು, ಒಂದನ್ನೂ ಬಿಡದೆ ಅವನು ನೋಡಿದ. ತುಟಿ ಅಲುಗಿತು.

“ಆಗಲ್ಲ,” ಎಂದ. ಮೇಜಿಗೆ ಕೈಯೂರಿ ಅತ್ತುಬಿಟ್ಟ.

ಅವಳು ಹೋಗಿ ಪಕ್ಕದಲ್ಲಿ ಕೂತಳು. ಡೆಕ್ಕಿನ ಕೆಳಗೆ, ಹಜಾರದ ನಡುವೆ ಒಬ್ಬಳನ್ನು ನಿಲ್ಲಿಸಿದ್ದೇನೆಂದು ಆಗ ಹೇಳಿದಳು. ಜಡೆಯ ವಿಷಯ, ಲಂಗದ ವಿಷಯ, ಬಣ್ಣದ ವಿಷಯ.

“ಗುಲಾಬಿಯಾ? ಎಂಥ ಗುಲಾಬಿ?”

“ವಸಡಿನ ಬಣ್ಣ. ಲ್ಯಾಬಲ್ಲಿ ಬೇರೆ ಇರಲಿಲ್ಲ.”

ಅವನು ಅಳುತ್ತಲೇ ನಕ್ಕ. ಮರುಗಳಿಗೆ ಡೆಕ್ಕಿನ ಅಂಚನ್ನು ತಡಕಾಡತೊಡಗಿದ. “ತೆಗೆಯೋಣ. ಬ್ಲೇಡ್ ಕೊಡಿ, ಬಿಡಿಸೋಣ. ನಾನು ನೋಡಬೇಕು.”

“ತೆಗೆದ್ರೆ ರೇಲಿಂಗೆಲ್ಲ ಮುರಿಯತ್ತೆ. ಬೇಡ.” ಅವಳು ಅವನ ಬೆರಳನ್ನು ಹಿಡಿದು, ಡೆಕ್ಕಿನ ಮೇಲೆ, ನಡುಭಾಗಕ್ಕೆ ತಂದಿಟ್ಟಳು. “ಇಲ್ಲಿ. ಸರಿಯಾಗಿ ಇದರ ಕೆಳಗೆ. ಕಾಣಲ್ಲ, ಆದ್ರೆ ಇದಾಳೆ.”

ಅವನು ಬೆರಳು ಎತ್ತಲಿಲ್ಲ.

“ಇನ್ನೊಂದೆರಡು ವರ್ಷಕ್ಕೆ ಕಿವಿ ಕಡೆ ನೋಡಿದ್ರೂ ನೀನು ಕಾಣಲ್ಲ,” ಎಂದ. ನೀನು ಎಂದದ್ದು ಅವನಿಗೆ ಗೊತ್ತಾಗಲಿಲ್ಲ. ಅವಳಿಗೆ ಗೊತ್ತಾಯಿತು. “ಆಮೇಲೆ ಏನು ಮಾಡ್ತೀಯಾ ನನ್ನನ್ನ ಕಟ್ಕೊಂಡು?”

“ಆಮೇಲೆ ಕೈ ಇದೆಯಲ್ಲ. ಅದನ್ನೇ ಅಲ್ವಾ ಮೊದಲ ದಿನ ಕೇಳಿದ್ದು?”

ಕಿಟಕಿಯಾಚೆ ಸಂಜೆ ಆಗಲೇ ಮಂಕಾಗಿತ್ತು. ಬರಲಿರುವುದು ಇಬ್ಬರಿಗೂ ಗೊತ್ತಿತ್ತು; ಅದನ್ನು ತಡೆಯುವ ಔಷಧಿ ಯಾರ ಬಳಿಯೂ ಇರಲಿಲ್ಲ. ಅವಳು ದೀಪ ಹಾಕಿ ಅವನ ಎದುರಿಗೆ ಕೂತಳು, ನಜ್ಜಾದ ಹಿತ್ತಾಳೆಯನ್ನು ಇಕ್ಕಳದಲ್ಲಿ ಎತ್ತಿ ನೇರ ಮಾಡತೊಡಗಿದಳು. ಸ್ವಲ್ಪ ಹೊತ್ತಿಗೆ, ಅವಳನ್ನು ನೋಡಲು ಅವನು ಕತ್ತು ತಿರುಗಿಸಿ ಕಷ್ಟಪಡುತ್ತಿರುವುದನ್ನು ಕಂಡು, ತನ್ನ ಕುರ್ಚಿಯನ್ನು ಅವನ ಎದುರಿನಿಂದ ಒಂದಿಷ್ಟು ಪಕ್ಕಕ್ಕೆ ಎಳೆದುಕೊಂಡಳು.

“ಈಗ?”

“ಇನ್ನೂ ಸ್ವಲ್ಪ,” ಎಂದ ಅವನು. “ಹಾಂ. ಅಲ್ಲೇ ಇರು.”