ಸುಳ್ಳು ಅಭ್ಯರ್ಥಿ

ಅವನನ್ನು ಮೊದಲ ಸಲ ನೋಡಿದಾಗ ಅವಳಿಗೆ ಮೈಯೆಲ್ಲ ಉರಿದುಹೋಗಿತ್ತು. ಹೊಸ ಮತದಾರರ ತರಗತಿಗೆ ಒಬ್ಬ ನಟ ಬೇಕೆಂದು ಕೇಳಿದ್ದವಳು ಅವಳೇ. ಬಂದವನು ತಡವಾಗಿ ಬಂದ, ಅದೂ ಒದ್ದೆ ತಲೆಯಲ್ಲಿ. ಪೌರನೀತಿ ಟೀಚರ್ ಎಲ್ಲಿದ್ದಾರೆ ಎಂದು ಅವಳನ್ನೇ ಕೇಳಿದ. ನಾನೇ ಎಂದಾಗ, ಕನ್ನಡಕ ಹಾಕಿಕೊಂಡ ಯಾರೋ ಅಜ್ಜಿ ಇರುತ್ತಾರೆ ಅಂದುಕೊಂಡಿದ್ದೆ ಎಂದ.

ಎಲ್ಲ ಟೀಚರುಗಳಿಗೂ ಇವನು ಇದನ್ನೇ ಹೇಳುತ್ತಾನೆ ಎಂದು ಅವಳಿಗೆ ಖಾತ್ರಿಯಿತ್ತು. ಆದರೂ ಅವತ್ತು ಸಂಜೆ ಕನ್ನಡಿ ಮುಂದೆ ಸ್ವಲ್ಪ ಹೆಚ್ಚೇ ಹೊತ್ತು ನಿಂತಳು. ಏನು ಮಾಡುವುದು, ಮನಸ್ಸು ಅಂದರೆ ಹಾಗೆಯೇ.

ಅವರ ಕೆಲಸ ವಿಚಿತ್ರವಾಗಿತ್ತು. ಒಂದು ಹಳೆಯ ವ್ಯಾನಿನಲ್ಲಿ ಕಾಲೇಜಿಂದ ಕಾಲೇಜಿಗೆ ಹೋಗಿ, ಇನ್ನೇನು ವೋಟಿನ ವಯಸ್ಸಿಗೆ ಬರಲಿದ್ದ ಹುಡುಗ ಹುಡುಗಿಯರಿಗೆ ಅಣಕು ಚುನಾವಣೆ ನಡೆಸಬೇಕು. ಅಭ್ಯರ್ಥಿಗಳು ಇವರಿಬ್ಬರೇ. ಅವಳ ಭಾಷಣ ಸಪ್ಪೆ. ಇರುವ ದುಡ್ಡಿಗೆ ಈ ರಸ್ತೆಗೆ ದೀಪ ಹಾಕಿಸಬಹುದು, ಆ ರಸ್ತೆಗೆ ಮುಂದಿನ ವರ್ಷ ನೋಡೋಣ, ಅಷ್ಟೆ. ಅವನದೋ ಅಂಗೈಯಲ್ಲಿ ಅರಮನೆ. ಎಲ್ಲರಿಗೂ ಕೆಲಸ, ಮನೆಗೊಂದು ಸ್ಕೂಟರು, ಪರೀಕ್ಷೆಯೇ ಇಲ್ಲದ ಕಾಲೇಜು. ಮಕ್ಕಳು ರಟ್ಟಿನ ಮರೆಯ ಹಿಂದೆ ಹೋಗಿ ಗುರುತು ಒತ್ತಿ, ಚೀಟಿ ಮಡಿಸಿ ಪೆಟ್ಟಿಗೆಗೆ ಹಾಕುತ್ತಿದ್ದರು. ಪ್ರತಿ ಸಲವೂ ಅವನೇ ಗೆಲ್ಲುತ್ತಿದ್ದ.

ಗೆಲ್ಲಬೇಕಿತ್ತು ಕೂಡ. ಚಪ್ಪಾಳೆ ನಿಂತ ಮೇಲೆ ಅವಳು ಎದ್ದು, ಇದನ್ನೆಲ್ಲ ಹೇಗೆ ಮಾಡುತ್ತೀರಿ ಎಂದು ಇವರನ್ನು ಒಬ್ಬರಾದರೂ ಕೇಳಿದಿರಾ ಎನ್ನುತ್ತಿದ್ದಳು. ಇಡೀ ತರಗತಿ ಪೆಚ್ಚಾಗುತ್ತಿತ್ತು. ವೋಟು ಹಾಕಿ ಮನೆಗೆ ಹೋಗುವುದಲ್ಲ, ಎದ್ದು ನಿಂತು ಕೇಳುವುದನ್ನು ಕಲಿಯಬೇಕು. ಅವಳ ಪಾಠ ಶುರುವಾಗುತ್ತಿದ್ದುದು ಅಲ್ಲಿಂದ.

ಅವಳು ಮಾತಾಡುವಾಗ ಅವನು ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದ, ಸಿಕ್ಕಿಬಿದ್ದ ಕಳ್ಳನಂತೆ. ಅದೂ ನಟನೆಯೇ. ಆದರೆ ಎಲ್ಲರ ಕಣ್ಣೂ ಅವಳ ಮೇಲಿದ್ದಾಗ ಅವನು ಮೆಲ್ಲನೆ ಕಣ್ಣೆತ್ತುತ್ತಿದ್ದ. ಒಂದು ಕ್ಷಣ ಅಷ್ಟೆ. ಅವಳು ಹೇಳುತ್ತಿದ್ದ ವಾಕ್ಯದ ಬಾಲ ಕಳೆದುಹೋಗುತ್ತಿತ್ತು. ಆ ನೋಟ ನಟನೆಯಲ್ಲ ಎಂದು ಅವಳಿಗೆ ಗೊತ್ತಿತ್ತು, ಗೊತ್ತಿಲ್ಲದವಳಂತೆ ಸೀಮೆಸುಣ್ಣ ಹುಡುಕುತ್ತಿದ್ದಳು.

ವ್ಯಾನಿನಲ್ಲಿ ಅವಳು ಅವನನ್ನು ಅಭ್ಯರ್ಥಿಗಳೇ ಎಂದು ಕರೆಯುತ್ತಿದ್ದಳು. ಅವನಿಗೆ ಅವಳು ಮೇಡಂ. ಸೋತವರಿಗೆ ಟೀ ಕುಡಿಸುವುದು ಗೆದ್ದವರ ಧರ್ಮ ಎಂದು ಅವನು ದಿನಾ ಟೀ ಕೊಡಿಸುತ್ತಿದ್ದ, ತನ್ನ ಪಾಲಿನ ಬಿಸ್ಕತ್ತನ್ನೂ ಅವಳ ಕಡೆ ತಳ್ಳುತ್ತಿದ್ದ. ವಾರದಲ್ಲಿ ಮೂರು ಸಂಜೆ ಅವಳು ಅಪ್ಪನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕಿತ್ತು. ಒಂದು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಅವಳಿಗಿಂತ ಮುಂಚೆ ಅವನು ಕೂತಿದ್ದ. ಅಪ್ಪನಿಗೆ ಪೇಪರು ಓದಿ ಹೇಳಿದ. ಸಂಪಾದಕೀಯವನ್ನೂ ಬಿಡಲಿಲ್ಲ. ಹೊರಡುವಾಗ ಅಪ್ಪ, ನಾಳಿದ್ದೂ ಬರ್ತೀಯೇನಪ್ಪ ಎಂದರು. ನೋಡೋಣ ಸರ್ ಎಂದ. ನಾಳಿದ್ದೂ ಬಂದ, ಅದರಾಚೆಯೂ ಬಂದ.

ವೇದಿಕೆಯ ಮೇಲೆ ಚಂದ್ರನನ್ನೇ ಕಿತ್ತು ಕೊಡುವವನ ಬಾಯಲ್ಲಿ ಕೆಳಗಿಳಿದರೆ 'ನೋಡೋಣ' ಬಿಟ್ಟು ಬೇರೆ ಮಾತಿರಲಿಲ್ಲ. ಅವಳಿಗೆ ಅದೇ ಹಿಡಿಸಿತ್ತು. ಸಂಕಟವೂ ಅದರಿಂದಲೇ. ಊರಿಗೆಲ್ಲ ಪ್ರಶ್ನೆ ಕೇಳುವುದನ್ನು ಕಲಿಸುವವಳಿಗೆ ಅವನನ್ನು ಒಂದು ಮಾತು ಕೇಳಲು ಬಾಯಿ ಬರುತ್ತಿರಲಿಲ್ಲ. ನನ್ನ ಜೊತೆ ಇರ್ತೀರಾ ಎಂಬಷ್ಟೇ ಮಾತು. ಹೋದಲ್ಲೆಲ್ಲ ನಾಚಿಕೆ ಬಿಡಿ, ಕೇಳಿ ಎಂದು ಗದರುತ್ತಿದ್ದವಳು ರಾತ್ರಿ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಲಗುತ್ತಿದ್ದಳು. ಅವಳನ್ನು ಕಂಡರೆ ನಗುವೂ ಬರುತ್ತದೆ, ಅಳುವೂ ಬರುತ್ತದೆ.

ಒಂದು ದಿನ ಹೋದದ್ದು ಊರಾಚೆಯ ಕಾಲೇಜಿಗೆ. ಬೆಳಿಗ್ಗೆ ವ್ಯಾನಿನಲ್ಲಿ ಅವನಿಗೆ ಒಂದು ಫೋನು ಬಂದಿತ್ತು. ಹೂಂ, ಹೂಂ ಎಂದಷ್ಟೇ ಅಂದು ಇಟ್ಟಿದ್ದ. ಆಮೇಲೆ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ. ಅವಳು ಭಾಷಣ ಮರೆತುಹೋಯಿತಾ ಎಂದು ರೇಗಿಸಿದರೂ ನಗಲಿಲ್ಲ.

ವೇದಿಕೆ ಹತ್ತಿದ ಮೇಲೆ ಮಾತ್ರ ಎಂದಿನ ಅಭ್ಯರ್ಥಿಯೇ. ಮಕ್ಕಳು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಇನ್ನೇನು ಚೀಟಿ ಹಂಚಬೇಕು, ಅಷ್ಟರಲ್ಲಿ ಕೊನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ಉದ್ದ ಜಡೆ, ಸಣ್ಣ ದನಿ. ಎದ್ದದ್ದೇ ತಪ್ಪಾಯಿತೇನೋ ಎಂಬಂತೆ ಡೆಸ್ಕು ಹಿಡಿದುಕೊಂಡಿದ್ದಳು.

"ಸರ್, ಗೆದ್ದ ಮೇಲೆ ನೀವು ಇಲ್ಲೇ ಇರ್ತೀರಾ?"

ಟೀಚರಿಗೆ ಖುಷಿಯೋ ಖುಷಿ. ತಾನು ಬಾಯಿ ಬಿಡುವ ಮೊದಲೇ ಒಬ್ಬಳು ಎದ್ದು ನಿಂತು ಕೇಳಿದ್ದಳು, ಅದೂ ಕೇಳಬೇಕಾದ ಪ್ರಶ್ನೆಯನ್ನೇ. ಇಂಥದ್ದಕ್ಕೆ ಅವನ ಬಳಿ ಉತ್ತರ ಸಿದ್ಧವಿರುತ್ತಿತ್ತು. ಹಗಲೂ ರಾತ್ರಿ ನಿಮ್ಮ ಮನೆ ಬಾಗಿಲಲ್ಲೇ ಇರ್ತೀನಮ್ಮ ಎಂದು ಎದೆ ಮೇಲೆ ಕೈಯಿಟ್ಟು ಹೇಳಬೇಕು, ಎಲ್ಲರೂ ನಗಬೇಕು.

ಅವನ ಕೈ ಎದೆಯವರೆಗೆ ಹೋಯಿತು. ಅಲ್ಲಿಂದಲೇ ಕೆಳಗಿಳಿಯಿತು. ಅವನು ಹುಡುಗಿಯನ್ನು ನೋಡಿದ, ಆಮೇಲೆ ಪಕ್ಕದಲ್ಲಿದ್ದ ಟೀಚರನ್ನು ನೋಡಿದ.

"ಇಲ್ಲಮ್ಮ. ಇರೋಕೆ ಆಗಲ್ಲ."

ಯಾರೋ ನಕ್ಕರು, ತಮಾಷೆ ಅಂದುಕೊಂಡು. ಅವಳು ನಗಲಿಲ್ಲ. ಅವನ ಸುಳ್ಳಿನ ದನಿಯನ್ನು ಅವಳಷ್ಟು ಕೇಳಿದವರು ಯಾರೂ ಇರಲಿಲ್ಲ. ಇದು ಆ ದನಿಯಲ್ಲ.

ಅವತ್ತು ಅವನು ಸೋತ. ಪೆಟ್ಟಿಗೆ ಮೇಜಿನ ಮೇಲೆ ಬೋರಲು ಹಾಕಿದರೆ ಚೀಟಿಗಳೆಲ್ಲ ಅವಳವೇ. ಪಾಠ ಅಡಿಮೇಲಾಗಿತ್ತು. ಏನಾದರೂ ಹೇಳಬೇಕಲ್ಲ ಎಂದು ಅವಳು, ಇವರಿಗೆ ಯಾಕೆ ಹಾಕಲಿಲ್ಲ ಎಂದು ಮಕ್ಕಳನ್ನು ಕೇಳಿದಳು. ಜಡೆಯ ಹುಡುಗಿಯೇ ಮತ್ತೆ ಎದ್ದಳು. ಈ ಸಲ ಡೆಸ್ಕು ಹಿಡಿದಿರಲಿಲ್ಲ.

"ಇರಲ್ಲ ಅಂತ ಅವರೇ ಹೇಳಿದ್ಮೇಲೆ ನಂಬಿ ಹೇಗೆ ಕೊಡೋದು ಮೇಡಂ?"

ಸರಿಯಾಗಿ ಹೇಳಿದೆ, ಕೂತ್ಕೊ ಎಂದಳು. ಆಗಲೇ ನಂಬಿ ಕೊಟ್ಟುಬಿಟ್ಟವರು ಏನು ಮಾಡಬೇಕು ಎಂಬುದಕ್ಕೆ ಪೌರನೀತಿಯಲ್ಲಿ ಪಾಠವಿಲ್ಲ.

ಮಕ್ಕಳು ಹೋದ ಮೇಲೆ ಇಬ್ಬರೂ ರಟ್ಟಿನ ಮರೆಗಳನ್ನು ಮಡಚುತ್ತಾ ನಿಂತರು. ಅವನು ತಲೆಯೆತ್ತದೆ ಹೇಳುತ್ತಾ ಹೋದ. ಅಕ್ಕ ಕೆಲಸದ ಜಾಗದಲ್ಲಿ ಮೇಲಿಂದ ಬಿದ್ದಿದ್ದಳು. ಬೆನ್ನುಮೂಳೆ ಮುರಿದಿತ್ತು, ಇನ್ನು ನಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಭಾವ ಯಾವಾಗಲೋ ಬಿಟ್ಟುಹೋಗಿದ್ದ. ಇಬ್ಬರು ಮಕ್ಕಳು, ಚಿಕ್ಕವಳು ಇನ್ನೂ ಶಾಲೆಗೆ ಸೇರಿಲ್ಲ. ದೇಶದ ಆ ತುದಿಯ ಊರು. ತಾಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಆ ಅಕ್ಕನೇ. ನಾಳೆ ಬೆಳಿಗ್ಗೆಯ ರೈಲಿಗೆ ಹೊರಡುತ್ತೇನೆ ಎಂದ.

ನಾನೂ ಬರ್ತೀನಿ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತು. ಅಪ್ಪನ ಊದಿದ ಪಾದಗಳು ನೆನಪಾದವು, ಬಂದ ಮಾತು ಹಿಂದೆ ಹೋಯಿತು. ಅವನೂ ಬನ್ನಿ ಎನ್ನಲಿಲ್ಲ. ಅವಳಿಗೆ ಆಗದ್ದನ್ನು ಅವಳ ಬಾಯಿಂದ ಹೇಳಿಸಲು ಅವನಿಗೆ ಮನಸ್ಸು ಬರಲಿಲ್ಲ.

ಮಕ್ಕಳ ಮುಂದೆ ಒಂದು ಸುಳ್ಳು ಹೇಳೋಕೆ ಏನಾಗಿತ್ತು ನಿಮಗೆ ಎಂದು ಅವಳು ಜಗಳವಾಡಿದಳು. ನೀವು ಪಕ್ಕದಲ್ಲಿದ್ದಿರಲ್ಲ ಎಂದ ಅವನು. ಅವಳು ಖಾಲಿ ಬೆಂಚೊಂದರ ಮೇಲೆ ಕೂತು ಮುಖ ಒರೆಸಿಕೊಂಡಳು.

"ಈಗ ಹೇಳಿ. ಮಕ್ಕಳಿಗೆ ಹೇಳ್ತಿದ್ರಲ್ಲ, ಹಾಗೇ ನನಗೂ ಒಂದ್ಸಲ ಹೇಳಿ."

ಅವನು ನಿಜವಾಗಿಯೂ ವೇದಿಕೆ ಹತ್ತಿದ. ಕಾಲರ್ ಸರಿಮಾಡಿಕೊಂಡ. ಮಾನ್ಯ ಮತದಾರರೇ ಎಂದು ಶುರುಮಾಡಿದ. ತಾನು ಗೆದ್ದರೆ ದಿನಾ ಸಂಜೆ ಮೇಡಂ ಕೈಚೀಲ ತಾನೇ ಹೊರುತ್ತಾನಂತೆ. ಅವರಪ್ಪನ ಜೊತೆ ಪೇಪರಿನ ಸಂಪಾದಕೀಯಕ್ಕೆ ಜಗಳವಾಡುತ್ತಾನಂತೆ. ಎರಡು ಕಿಟಕಿಯ ಒಂದು ಮನೆ, ಒಂದರ ಬದಿಗೆ ಅವರ ಓದುವ ಮೇಜು. ಅಕ್ಕನೂ ಮಕ್ಕಳೂ ಪಕ್ಕದ ಮನೆಯಲ್ಲೇ. ಮೇಡಂಗೆ ತಲೆ ನರೆತಾಗ ಕನ್ನಡಕ ಹುಡುಕಿ ಕೊಡುವ ಸಂಪೂರ್ಣ ಜವಾಬ್ದಾರಿ ತನ್ನದೇ. ಕೈ ಬೀಸಿ, ದನಿ ಏರಿಸಿ ಹೇಳಿದ. ಅವಳು ನಗುತ್ತಿದ್ದಳು, ಕಣ್ಣೀರು ತನ್ನ ಪಾಡಿಗೆ ತಾನು ಇಳಿಯುತ್ತಿತ್ತು. ಒಂದೊಂದೂ ಸುಳ್ಳು ಭರವಸೆ. ಆದರೆ ಒಂದೊಂದನ್ನೂ ಅವನು ಎಷ್ಟೋ ದಿನದಿಂದ ಕೂಡಿಟ್ಟಿದ್ದ ಎಂಬುದು ಅವಳಿಗೆ ಆ ಖಾಲಿ ತರಗತಿಯಲ್ಲಿ ಕಾಣುತ್ತಿತ್ತು. ಪ್ರೀತಿಸುತ್ತೇನೆ ಎಂದು ಅವನು ಬೇರೆ ಹೇಳಬೇಕಾಗಲಿಲ್ಲ.

ಮಾತು ಮುಗಿದು ಅವನು ಕೆಳಗಿಳಿದು ಬಂದ. ಅವಳು ಎದ್ದು ನಿಂತಳು, ಡೆಸ್ಕು ಹಿಡಿದುಕೊಂಡಳು.

"ನಾನು ಕಾಯಲಾ?"

ಅವನು ನೋಡೋಣ ಎನ್ನಬಹುದಿತ್ತು. ಅಷ್ಟು ಅಂದಿದ್ದರೂ ಅವಳು ಜೀವಮಾನವೆಲ್ಲ ಕಾಯುತ್ತಿದ್ದಳು, ಅದು ಅವನಿಗೂ ಗೊತ್ತಿತ್ತು.

"ಬೇಡ," ಎಂದ. ಮೇಡಂ ಎನ್ನುವುದನ್ನು ಬಿಟ್ಟು, ಮೊದಲ ಸಲ ಅವಳ ಕೈ ಹಿಡಿದು ಮತ್ತೊಮ್ಮೆ ಹೇಳಿದ. "ಕಾಯಬೇಡ."

ಅವಳು ಆಗಲಿ ಎಂದು ತಲೆಯಾಡಿಸಿದಳು. ಹೊರಗೆ ವ್ಯಾನಿನವನು ಹಾರ್ನ್ ಮಾಡಿದ. ಇಬ್ಬರೂ ಪೆಟ್ಟಿಗೆಯನ್ನು ಆಚೆ ಈಚೆ ಹಿಡಿದು ಮೆಟ್ಟಿಲಿಳಿದರು, ಹಗುರವಾದ ರಟ್ಟಿನ ಪೆಟ್ಟಿಗೆ, ಒಬ್ಬರೇ ಹೊರಬಹುದಾಗಿದ್ದದ್ದು.