ಅಕ್ಕನ ಹೆಸರಿನ ಹಿಮಯಾತ್ರೆ

ಜಾಹೀರಾತಿನ ಮೊದಲ ಪುಟದಲ್ಲಿ ಭಾವ ಅಕ್ಕನ ಫೋಟೋ ಹಾಕಿಸಿದ್ದ. ಹಿಂದೆ ನೀಲಿ ಹಿಮಬಂಡೆ, ಕೆಳಗೆ ದಪ್ಪಕ್ಷರದಲ್ಲಿ 'ಅವಳ ಕನಸಿನ ಯಾತ್ರೆ: ಉತ್ತರ ಧ್ರುವದ ಅಂಚಿನಲ್ಲಿ ಎರಡು ವಾರ'. ಅಕ್ಕ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. ಬದುಕಿದ್ದಾಗ ಫ್ಯಾನ್ ಹಾಕಿದರೆ ಸ್ವೆಟರ್ ಹುಡುಕುತ್ತಿದ್ದ ಹೆಂಗಸು. ಅವಳಿಗೆ ಹಿಮದ ಕನಸಂತೆ, ಕನಸು. ಪುಟ ನೋಡಿದ ತಂಗಿಗೆ ಮೈಯೆಲ್ಲ ಉರಿದುಹೋಯಿತು.

“ಹಿಮ ನೋಡ್ಬೇಕು ಅಂತ ಅಕ್ಕ ಯಾವಾಗ ಹೇಳಿದ್ಲು ಭಾವ?”

“ಗಂಡನ ಹತ್ರ ಹೇಳಿದ್ದೆಲ್ಲ ತಂಗಿ ಹತ್ರ ಹೇಳ್ತಾರಾ?” ಭಾವ ನಕ್ಕ. “ನೀನು ಪ್ಲಾನ್ ಮಾಡಮ್ಮ, ಟೈಮ್‌ಟೇಬಲ್. ಈ ಸಲ ನೀನೂ ಬಾ. ಮಗಳನ್ನೂ ಕರ್ಕೊಂಡು ಹೋಗೋಣ. ಮನೆಯವರೇ ಬಂದಿದಾರೆ ಅಂದ್ರೆ ಗಿರಾಕಿಗಳಿಗೂ ನಂಬಿಕೆ.”

ಟೈಮ್‌ಟೇಬಲ್ ಎಂದರೆ ಅವಳೇ. ಭಾವನ ಆ ಎರಡು ಕೋಣೆಯ ಪ್ರವಾಸದ ಆಫೀಸಿನಲ್ಲಿ ಯಾರು ಎಲ್ಲಿ ಇಳಿಯಬೇಕು, ಎಲ್ಲಿ ಉಣ್ಣಬೇಕು, ಯಾವಾಗ ಬಸ್ಸು ಹತ್ತಬೇಕು ಎಂದು ಬರೆದುಕೊಡುವುದು ಅವಳ ಕೆಲಸ. ಅರ್ಧ ಆಯುಸ್ಸು ಅದರಲ್ಲೇ ಹೋಗಿತ್ತು. ಊರಿನ ಜನರನ್ನೆಲ್ಲ ದೇಶ ಸುತ್ತಿಸಿದವಳು ತಾನು ಮಾತ್ರ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ತಿರುಗಾಟವೆಲ್ಲ ಭಾವನದು.

ಅಕ್ಕ ಆಸ್ಪತ್ರೆಯಲ್ಲಿ ಮಲಗಿದ ದಿನವೂ ಅವನು ತಿರುಗಾಟದಲ್ಲೇ ಇದ್ದ. ತಕ್ಷಣ ಆಪರೇಷನ್ ಆಗಬೇಕು ಎಂದರು ಡಾಕ್ಟರು. ಅಕ್ಕ ಹಟ ಹಿಡಿದಳು. “ಅವರು ಒಂದು ಮಾತು ಹೇಳ್ಲಿ, ಆಮೇಲೆ ಒಳಗೆ ಹೋಗ್ತೀನಿ.” ತಂಗಿ ಅಕ್ಕನ ಫೋನಿನಿಂದ ಕರೆದಳು, ಮತ್ತೆ ಕರೆದಳು, ಕೊನೆಗೆ ಮೆಸೇಜು ಹಾಕಿದಳು. ಅದರ ಪಕ್ಕದ ಗುರುತು ನೀಲಿಯಾಯಿತು. ಓದಿದ್ದ. ಉತ್ತರ ಬರಲಿಲ್ಲ. ಅಕ್ಕ ಬಾಗಿಲು ನೋಡುತ್ತಲೇ ಹೋದಳು. ಬಂದವನು ಗೋಡೆಗೆ ತಲೆ ಚಚ್ಚಿಕೊಂಡು, “ಅಲ್ಲಿ ನೆಟ್‌ವರ್ಕೇ ಇರ್ಲಿಲ್ಲ” ಎಂದು ಅತ್ತ. ಜನ ಅವನನ್ನೇ ಸಮಾಧಾನ ಮಾಡಿದರು. ಅವನು ಇಳಿದಿದ್ದ ಹೋಟೆಲನ್ನು ಆರಿಸಿಕೊಟ್ಟವಳು ತಂಗಿಯೇ. ಅಲ್ಲಿ ಬಚ್ಚಲುಮನೆಯಲ್ಲೂ ನೆಟ್‌ವರ್ಕ್ ಬರುತ್ತದೆಂದು ಅವಳಿಗೆ ಗೊತ್ತಿತ್ತು.

ಆವತ್ತು ನುಂಗಿಕೊಂಡ ಸಿಟ್ಟು ಈ ಫೋಟೋ ನೋಡಿ ಗಂಟಲಿಗೆ ಬಂತು. ಹೆಂಡತಿಯನ್ನು ಕೊಂದದ್ದು ಸಾಲದು, ಈಗ ಅವಳ ಮುಖ ತೋರಿಸಿ ಟಿಕೆಟ್ ಮಾರುತ್ತಾನೆ. ಸರಿ, ಯಾತ್ರೆ ಆಗಲಿ. ಅವನು ವಾಪಸು ಬರುವುದು ಬೇಡ.

ಆದರೆ ಸಿಕ್ಕಿಬೀಳುವ ಹಾಗಿಲ್ಲ. ಅಕ್ಕನ ಮಗಳಿಗೆ ಹದಿನಾಲ್ಕು. ತಾಯಿ ಹೋದಾಗಿನಿಂದ ಚಿಕ್ಕಮ್ಮನ ಸೆರಗು ಹಿಡಿದುಕೊಂಡೇ ಮಲಗುತ್ತಿದ್ದಳು. ಇನ್ನು ಆ ಹುಡುಗಿಗೆ ಚಿಕ್ಕಮ್ಮನೇ ದಿಕ್ಕು. ಅವಳೂ ಜೈಲಿಗೆ ಹೋದರೆ ಮಗು ಬೀದಿಪಾಲು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಅವಳು ಎಂದಿನಂತೆ ಶಿಸ್ತಾಗಿ ಕೂತು ಪ್ಲಾನ್ ಮಾಡಿದಳು. ಹಡಗುಗಳ ನಕ್ಷೆ ತರಿಸಿಕೊಂಡಳು. ದೊಡ್ಡ ಹಡಗು ಬೇಡ, ಅಲ್ಲಿ ಮೂಲೆಮೂಲೆಗೂ ಕ್ಯಾಮೆರಾ. ನೂರು ಜನ ಹಿಡಿಯುವ ಒಂದು ಸಣ್ಣ ಹಡಗು ಮನಸ್ಸಿಗೆ ಬಂತು. ಅದರಲ್ಲಿ ಸಿಗರೇಟು ಸೇದಲು ಒಂದೇ ಜಾಗ, ಹಿಂಭಾಗದ ಕೆಳಗಿನ ಡೆಕ್ಕು. ರಬ್ಬರ್ ದೋಣಿಗೆ ಇಳಿಯಲು ಅಂಚಿನ ಕಂಬಿಗಳ ನಡುವೆ ಬಿಟ್ಟ ಕಿಂಡಿಯೂ ಅಲ್ಲೇ. ಕಿಂಡಿಗೆ ಬಾಗಿಲಿಲ್ಲ, ಕಂಬಿಯಿಂದ ಕಂಬಿಗೆ ಒಂದು ಸರಪಳಿ ಅಷ್ಟೆ. ಗಿರಾಕಿಯೊಬ್ಬರ ತುಂಟ ಮಗುವಿನ ನೆಪ ಹೇಳಿ, ಅಲ್ಲಿ ಕ್ಯಾಮೆರಾ ಇದೆಯೇ ಎಂದು ಹಡಗಿನ ಕಂಪನಿಯನ್ನು ಕೇಳಿದಳು. ಕ್ಯಾಮೆರಾ ಒಳಗಿನ ಓಣಿಗಳಲ್ಲಿ ಮಾತ್ರ, ಮಗುವನ್ನು ದಯವಿಟ್ಟು ನೀವೇ ನೋಡಿಕೊಳ್ಳಿ ಎಂದು ಬಹಳ ವಿನಯದ ಉತ್ತರ ಬಂತು.

ಮೊದಲ ವಾರ ಮೀನುಗಾರರ ಹಳ್ಳಿಗಳು, ಹಕ್ಕಿಗಳು ಗೂಡು ಕಟ್ಟಿದ ಬಂಡೆಗಳು. ಆ ವಾರ ಬೇಡ ಎಂದುಕೊಂಡಳು. ದಡಕ್ಕೆ ಇಳಿಯುವಾಗ, ಹತ್ತುವಾಗ ತಲೆ ಎಣಿಸುತ್ತಾರೆ. ನೀರೂ ಅಷ್ಟೇನೂ ತಣ್ಣಗಿರುವುದಿಲ್ಲ. ಎರಡನೆಯ ವಾರ ಹಡಗು ತೇಲುವ ಮಂಜುಗಡ್ಡೆಯ ನಡುವೆ ಹೋಗುತ್ತದೆ. ಅಲ್ಲಿನ ನೀರಿಗೆ ಬಿದ್ದವನಿಗೆ ಮೊದಲು ಉಸಿರು ಕಟ್ಟುತ್ತದೆ, ಕೂಗಲೂ ಆಗುವುದಿಲ್ಲ. ಹಾಗೂ ಕೂಗಿದರೆ ಎಂಜಿನ್ನಿನ ಸದ್ದು ಅದನ್ನು ನುಂಗುತ್ತದೆ. ಹಡಗು ಮುಂದೆ ಹೋಗಿರುತ್ತದೆ.

ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಇಲ್ಲೇ ಎಡವುತ್ತಿದ್ದರು. ಅವಳು ಕತ್ತಲೆಯನ್ನು ನೆಚ್ಚಲೇ ಇಲ್ಲ. ಅವಳು ನೆಚ್ಚಿದ್ದು ಊಟವನ್ನು. ಪ್ರವಾಸಿಗಳೆಂಬ ಪ್ರಾಣಿಗಳ ಗುಣ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜಲಪಾತದ ಎದುರು ನಿಂತವರು ಊಟ ರೆಡಿ ಎಂದರೆ ಬೆನ್ನು ತಿರುಗಿಸಿ ಓಡುತ್ತಾರೆ. ದುಡ್ಡು ಕೊಟ್ಟ ಊಟವನ್ನು ಅರ್ಧಕ್ಕೆ ಬಿಟ್ಟು ಎದ್ದವರ ಒಂದು ದೂರೂ ಅವಳ ಮೇಜಿಗೆ ಬಂದದ್ದಿಲ್ಲ. ಕೊನೆಯ ದಿನದ ಹಿಂದಿನ ದಿನ ಕ್ಯಾಪ್ಟನ್ನನ ಬೀಳ್ಕೊಡುಗೆಯ ಔತಣ. ಆಗ ಡೆಕ್ಕಿನ ಮೇಲೆ ನರಪಿಳ್ಳೆಯೂ ಇರುವುದಿಲ್ಲ. ಭಾವ ಮಾತ್ರ ಸ್ವೀಟ್ ಬರುವ ಮುಂಚೆ ಸಿಗರೇಟಿಗೆ ಎದ್ದೇ ಏಳುತ್ತಾನೆ, ಅವನ ಮದುವೆಯ ದಿನವೂ ಎದ್ದಿದ್ದ. ಅವಳು ಶಾಲು ತರುವ ನೆಪದಲ್ಲಿ ಎದ್ದು, ಬೇಗ ಬಂದು ಹುಡುಗಿಯ ಪಕ್ಕ ಕೂರುತ್ತಾಳೆ. ಯಾರಾದರೂ ಕೇಳಿದರೆ, ಚಿಕ್ಕಮ್ಮ ನನ್ನ ಜೊತೆಗೇ ಇದ್ಲು ಎಂದು ಹುಡುಗಿ ಹೇಳುತ್ತಾಳೆ. ಅದು ಸುಳ್ಳೂ ಅಲ್ಲ.

ಯಾತ್ರೆ ಅವಳು ಬರೆದಂತೆಯೇ ನಡೆಯಿತು. ಭಾವ ಹೋದಲ್ಲೆಲ್ಲ ಅಕ್ಕನ ಹೆಸರು ಹೇಳಿ ಕಣ್ಣೊರೆಸಿಕೊಂಡ. ಹಿಮಬಂಡೆಯ ಮುಂದೆ ಅವಳ ಫೋಟೋ ಹಿಡಿದು ಫೋಟೋ ತೆಗೆಸಿಕೊಂಡ. ಅವನ ಮೊಸಳೆ ಕಣ್ಣೀರು ನೋಡಿದಾಗಲೆಲ್ಲ ತಂಗಿ ಹಲ್ಲು ಕಚ್ಚಿ ಆ ಔತಣವನ್ನು ನೆನೆಸಿಕೊಂಡಳು. ಮಗಳಿಗೆ ಉದ್ದ ಮೂತಿಯ ಹೊಸ ಕ್ಯಾಮೆರಾ ಕೊಡಿಸಿದ್ದ. ಹುಡುಗಿ ತಾಯಿ ಸತ್ತ ಮೇಲೆ ಮೊದಲ ಸಲ ನಗುತ್ತಿದ್ದಳು.

ಔತಣದ ದಿನ ಸೂಪು ಆಯಿತು, ಮುಖ್ಯ ಊಟ ಬಂತು. ಭಾವ ಜೇಬು ಮುಟ್ಟಿಕೊಂಡು ಎದ್ದ.

“ಚಳಿ ಆಗ್ತಿದೆ ಕಣೇ, ಶಾಲು ತರ್ತೀನಿ,” ಎಂದಳು ಹುಡುಗಿಗೆ.

“ಬೇಗ ಬಾ ಚಿಕ್ಕಮ್ಮ. ಇಲ್ದಿದ್ರೆ ನಿನ್ನ ಸ್ವೀಟೂ ನಂದೇ.”

ಸರಪಳಿಯ ಕೊಕ್ಕೆಯನ್ನು ಅವಳು ಮಧ್ಯಾಹ್ನವೇ ತಪ್ಪಿಸಿ, ಸುಮ್ಮನೆ ನೇತುಹಾಕಿದ್ದಳು. ಭಾವ ಗಾಳಿಗೆ ಬೆನ್ನು ಕೊಟ್ಟು, ಕಿಂಡಿಯ ಮುಂದೆ ನಿಂತು ಕಡ್ಡಿ ಗೀರುತ್ತಿದ್ದ. ಒಂದು ಕೈ ತಾಗಿಸಿದ್ದರೆ ಸಾಕಿತ್ತು. ಆದರೆ ಅವಳಿಗೆ ಒಂದು ಮಾತು ಕೇಳಲೇಬೇಕಿತ್ತು.

“ಆವತ್ತು ಮೆಸೇಜ್ ನೋಡಿದ್ರಿ ಅಲ್ವಾ ಭಾವ?”

“ಈಗ್ಯಾಕೆ ಅದೆಲ್ಲ?”

“ನೋಡಿದ್ರಾ ಇಲ್ವಾ?”

ಅವನು ಹೊಗೆ ಬಿಟ್ಟ. “ನೋಡ್ದೆ. ಅವಳದ್ದು ದಿನಾ ಇದ್ದದ್ದೇ ತಾನೇ ಅಂದ್ಕೊಂಡೆ. ಸಾಯ್ತಾಳೆ ಅಂತ ನನಗೇನು ಕನಸು ಬಿದ್ದಿತ್ತಾ? ಬಿಡು, ನೀನೂ ಮರ್ತುಬಿಡು.”

ಎಂಜಿನ್ನಿನ ಸದ್ದು ತಗ್ಗಿದ್ದು ಅವಳ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅವಳ ಕಣ್ಣಿಗೆ ಆ ಮುಖ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. “ಮರೀಲಾ?” ಎಂದವಳೇ ಎರಡೂ ಕೈಯಿಂದ ಎದೆಗೆ ನೂಕಿದಳು. ಸರಪಳಿ ಕಳಚಿಕೊಂಡಿತು. ಸಿಗರೇಟು ಡೆಕ್ಕಿನ ಮೇಲೆ ಬಿತ್ತು, ಅವನು ನೀರಿಗೆ. ಅವಳು ಕೊಕ್ಕೆ ಸಿಕ್ಕಿಸಿ, ಸಿಗರೇಟನ್ನು ಕಾಲಲ್ಲಿ ಹೊಸಕಿ, ಶಾಲು ಸರಿಮಾಡಿಕೊಂಡು ಮೆಟ್ಟಿಲಿನ ಕಡೆ ತಿರುಗಿದಳು. ಎದೆ ಹಗುರಾಗಿತ್ತು.

ತಿರುಗಿದವಳು ಮೇಲೆ ನೋಡಿದಳು. ಮೇಲಿನ ಎರಡು ಡೆಕ್ಕುಗಳ ಕಂಬಿಯುದ್ದಕ್ಕೂ ಜನ. ಕೆಲವರ ಕೊರಳಲ್ಲಿ ಇನ್ನೂ ಊಟದ ಬಟ್ಟೆ ಸಿಕ್ಕಿಕೊಂಡಿತ್ತು, ಒಬ್ಬಾತನ ಕೈಯಲ್ಲಿ ಫೋರ್ಕು. ಯಾರೂ ಪಿಟ್ಟೆನ್ನುತ್ತಿರಲಿಲ್ಲ. ಹಡಗು ನಿಂತುಬಿಟ್ಟಿತ್ತು. ಪಕ್ಕದ ಮಂಜುಗಡ್ಡೆಯ ಮೇಲೆ ಒಂದು ಬಿಳಿ ಕರಡಿ ತನ್ನ ಮರಿಯೊಂದಿಗೆ ತಲೆಯೆತ್ತಿ ನಿಂತಿತ್ತು. ಇಂಥ ಹಡಗುಗಳಲ್ಲಿ ಕರಡಿ ಕಂಡರೆ ಮೈಕಿನಲ್ಲಿ ಕೂಗುವುದಿಲ್ಲ. ಗೈಡು ಮೇಜಿನಿಂದ ಮೇಜಿಗೆ ಹೋಗಿ ಪಿಸುಗುಟ್ಟುತ್ತಾನೆ, ಎಂಥ ಔತಣವಿದ್ದರೂ ಜನ ತಟ್ಟೆ ಬಿಟ್ಟು, ಕಳ್ಳಹೆಜ್ಜೆಯಲ್ಲಿ, ಉಸಿರು ಬಿಗಿಹಿಡಿದು ಹೊರಗೆ ಬಂದು ನಿಲ್ಲುತ್ತಾರೆ. ಇದು ಯಾವ ನಕ್ಷೆಯಲ್ಲೂ ಬರೆದಿರಲಿಲ್ಲ, ಒಮ್ಮೆ ಹೋಗಿಬಂದವರಿಗೆಲ್ಲ ಗೊತ್ತಿತ್ತು. ಯಾರೋ ನೀರಿಗೆ ಬಿದ್ದವರು ಹಿಡಿದು ತೇಲುವ ಕೆಂಪು ಟ್ಯೂಬು ಎಸೆದರು, ಕೆಳಗೆ ಭಾವ ಅದನ್ನು ತಬ್ಬಿಕೊಂಡು ಕೆಮ್ಮುತ್ತಿದ್ದ. ಕಂಬಿಯುದ್ದಕ್ಕೂ ಇದ್ದ ಕ್ಯಾಮೆರಾಗಳಲ್ಲಿ ಒಂದೂ ಕರಡಿಯ ಕಡೆ ಇರಲಿಲ್ಲ. ಎಲ್ಲರಿಗಿಂತ ಮುಂದೆ ಅಕ್ಕನ ಮಗಳು ನಿಂತಿದ್ದಳು. ಅವಳು ಕ್ಯಾಮೆರಾವನ್ನು ಕಣ್ಣಿನಿಂದ ಇಳಿಸಿ, “ಚಿಕ್ಕಮ್ಮ?” ಎಂದಳು.